ರಾತ್ರಿ ಫೋಟೋ, ಬೆಟ್ಟದ ದೀಪ, ಏಳು ತೆಂಗಿನಮರ



ಈ ಸಲ ಬೆಳೆ, ರೋಗ, ರೇಟು ಯಾವುದೂ ಅಲ್ಲ, ಫೋಟೋ ವಿಷಯ. ದಸರಾದಲ್ಲಿ ಹಾಕಿದ್ದ ಅರಮನೆ ದೀಪದ ಫೋಟೋ, ಶಿವರಾತ್ರಿ ಕಳೆದ ಮೇಲೆ ಹಾಕಿದ ಚಾಮುಂಡಿ ಬೆಟ್ಟದ ಫೋಟೋ ನೋಡಿ ಸುಮಾರು ಜನ ಫೋನ್ ಮಾಡಿದ್ರಿ. "ಅಣ್ಣ, ನಾವು ತೆಗೆದ್ರೆ ದೀಪ ಎಲ್ಲಾ ಕಲಸಿಕೊಂಡು ಬೆಳ್ಳಗೆ ಬರುತ್ತೆ, ನಿಮ್ಮದ್ರಲ್ಲಿ ಒಂದೊಂದೂ ಎಣಿಸಬಹುದು, ಏನು ಮಾಡ್ತೀರಿ?" ಅಂತ. ಫೋನಲ್ಲಿ ಹೇಳಿದ್ರೆ ಅರ್ಧ ಮರೆತುಹೋಗುತ್ತೆ. ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ನೀರು ಕಟ್ಟುವಾಗ ಬದುವಿನ ಮೇಲೆ ಕೂತು ನಿಧಾನಕ್ಕೆ ಓದಿ.

ಮೊದಲು ಕ್ಯಾಮೆರಾ. ನನ್ನದು ಕ್ಯಾನನ್ 1300ಡಿ, ಅದರ ಜೊತೆ ಬರೋ 18-55 ಲೆನ್ಸು. ನಮ್ಮ ಅಕ್ಕನ ಮಗ ಮದುವೆ ಫೋಟೋ ತೆಗೀತಾನೆ. ಅವನು ಹೊಸದು ತಗೊಂಡಾಗ "ಮಾವ, ಇದು ಸುಮ್ಮನೆ ಬಿದ್ದಿರುತ್ತೆ, ನೀವೇ ಇಟ್ಕೊಳ್ಳಿ" ಅಂತ ಕೊಟ್ಟ. ಟ್ರೈಪಾಡ್ ಮಾತ್ರ ನಾನೇ ದುಡ್ಡು ಕೊಟ್ಟು ತಂದದ್ದು. ರಾತ್ರಿ ಫೋಟೋಗೆ ಕ್ಯಾಮೆರಾಗಿಂತ ಆ ಮೂರು ಕಾಲಿನ ಸ್ಟ್ಯಾಂಡೇ ಮುಖ್ಯ. ಹಳೇ ಕ್ಯಾಮೆರಾ, ಗಟ್ಟಿ ಸ್ಟ್ಯಾಂಡ್ ಇದ್ರೆ ಕೆಲಸ ನಡೆಯುತ್ತೆ. ಲಕ್ಷ ರೂಪಾಯಿ ಕ್ಯಾಮೆರಾ ಇದ್ದು ಸ್ಟ್ಯಾಂಡ್ ಲಡಕಾಸಿ ಆಗಿದ್ರೆ ನಡೆಯಲ್ಲ.

ರಾತ್ರಿ ಬೆಳಕು ಕಮ್ಮಿ. ಹಗಲಲ್ಲಿ ಕ್ಯಾಮೆರಾ ಕಣ್ಣು ಸೆಕೆಂಡಿನ ನೂರನೇ ಒಂದು ಭಾಗ ತೆರೆದ್ರೂ ಸಾಕು, ರಾತ್ರಿ 5 ಸೆಕೆಂಡ್, 10 ಸೆಕೆಂಡ್, 20 ಸೆಕೆಂಡ್ ತೆರೆದಿರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ತೂಬಿನ ಲೆಕ್ಕ. ಬೆಳಕು ಅಂದ್ರೆ ನೀರು. ಎಫ್ ನಂಬರ್ ಅಂತಾರಲ್ಲ, ಅದು ತೂಬಿನ ಬಾಯಿ ಎಷ್ಟು ಅಗಲ ಅನ್ನೋದು. ನಂಬರ್ ದೊಡ್ಡದಾದಷ್ಟೂ ಬಾಯಿ ಸಣ್ಣದು, ಇದೊಂದು ಉಲ್ಟಾ ಲೆಕ್ಕ, ನೆನಪಿಟ್ಕೊಳ್ಳಿ. ಶಟರ್ ಅಂದ್ರೆ ತೂಬು ಎಷ್ಟು ಹೊತ್ತು ತೆರೆದಿತ್ತು ಅನ್ನೋದು. ಐಎಸ್ಒ ಅನ್ನೋದು ಯೂರಿಯಾ ಇದ್ದ ಹಾಗೆ. ಜಾಸ್ತಿ ಹಾಕಿದ್ರೆ ಬೇಗ ಹಸಿರು ಕಾಣುತ್ತೆ, ಆದರೆ ಕಾಳು ಜೊಳ್ಳು. ಐಎಸ್ಒ 3200, 6400ಕ್ಕೆ ಏರಿಸಿದ್ರೆ ಫೋಟೋ ಬೇಗ ಬೆಳ್ಳಗಾಗುತ್ತೆ, ಜೊತೆಗೆ ಮರಳು ಎರಚಿದಂಗೆ ಕಾಳು ಕಾಳಾಗುತ್ತೆ. ಸ್ಟ್ಯಾಂಡ್ ಇರೋವಾಗ ಆ ಅವಸರ ಯಾಕೆ? 100ರಲ್ಲೋ 200ರಲ್ಲೋ ಇಟ್ಟು ತೂಬನ್ನು ಜಾಸ್ತಿ ಹೊತ್ತು ತೆರೆದಿಡಿ.

ತೂಬು 20 ಸೆಕೆಂಡ್ ತೆರೆದಿರುತ್ತೆ ಅಂದ್ರೆ ಆ 20 ಸೆಕೆಂಡಲ್ಲಿ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಾಡಿದ್ರೂ ಅಷ್ಟೂ ಫೋಟೋದಲ್ಲಿ ದಾಖಲಾಗುತ್ತೆ. ಅಲುಗಾಟ ಎಲ್ಲೆಲ್ಲಿಂದ ಬರುತ್ತೆ ಅಂತ ಗೊತ್ತಾದ್ರೆ ಮುಕ್ಕಾಲು ಕೆಲಸ ಆದಂಗೆ.

ಇದನ್ನ ನಾನು ಬಾಯಿಮಾತಲ್ಲಿ ನಂಬಲಿಲ್ಲ, ತಾಕು ಮಾಡಿ ನೋಡಿದೆ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪ್ರಾತ್ಯಕ್ಷಿಕೆ ತಾಕುಗಳನ್ನ ನೋಡಿರ್ತೀರಲ್ಲ? ಬೀಜ ಒಂದೇ, ಮಣ್ಣು ಒಂದೇ, ಒಂದು ತಾಕಿಗೆ ಒಂದೇ ಒಂದು ಬದಲಾವಣೆ. ಹಂಗೇ ಒಂದು ರಾತ್ರಿ ನಮ್ಮ ಬದುವಿನ ಮೇಲೆ ನಿಂತು, ಬೆಟ್ಟದ ನೆತ್ತಿಯ ದೀಪಗಳನ್ನೇ ಗುರಿ ಮಾಡಿ, ಒಂದೊಂದು ಫೋಟೋಗೆ ಒಂದೊಂದೇ ವಿಷಯ ಬೇಕೂಂತಲೇ ಬದಲಾಯಿಸಿದೆ. ಆಮೇಲೆ ಮನೇಲಿ ಮಗಳ ಕಂಪ್ಯೂಟರಲ್ಲಿ ದೊಡ್ಡದು ಮಾಡಿ ಅಕ್ಕಪಕ್ಕ ಇಟ್ಟು ನೋಡಿದೆ. ಕಂಡದ್ದು ಇಷ್ಟು.

ಉತ್ತ ಮಣ್ಣಿನ ಮೇಲೆ ಸ್ಟ್ಯಾಂಡ್ ಇಟ್ಟ ಫೋಟೋದಲ್ಲಿ ಒಂದೊಂದು ದೀಪಕ್ಕೂ ಕೆಳಗಡೆ ಸಣ್ಣ ಬಾಲ ಇತ್ತು. ಮಣ್ಣು ಮೆತ್ತಗೆ, ಕ್ಯಾಮೆರಾ ಭಾರಕ್ಕೆ ಕಾಲು ಕೂತ್ಕೊಳ್ತಾನೇ ಇರುತ್ತೆ, ಕಣ್ಣಿಗೆ ಕಾಣಲ್ಲ. ಪರಿಹಾರ ಸುಲಭ. ಮೂರು ಚಪ್ಪಡಿ ಕಲ್ಲಿನ ಚೂರು ತಗೊಂಡು ಮೂರು ಕಾಲಿನ ಕೆಳಗೂ ಇಟ್ಟು, ಅದರ ಮೇಲೆ ನಾವೇ ಒಂದು ಸಲ ಹತ್ತಿ ತುಳಿದು, ಆಮೇಲೆ ಸ್ಟ್ಯಾಂಡ್ ನಿಲ್ಲಿಸಬೇಕು.

ಸ್ಟ್ಯಾಂಡಿನ ನಡುಗಂಬ ಇರುತ್ತಲ್ಲ, ಮೇಲಕ್ಕೆ ಎಳೆಯೋದು, ಅದನ್ನ ಪೂರ್ತಿ ಎತ್ತಿದ ಫೋಟೋದಲ್ಲಿ ದೀಪ ಎಲ್ಲಾ ಜೋಡಿ ಜೋಡಿ. ಮೂರು ಕಾಲಿನ ಗಟ್ಟಿತನ ಒಂದು ಕೋಲಿಗೆ ಎಲ್ಲಿಂದ ಬರಬೇಕು? ಎತ್ತರ ಬೇಕಿದ್ರೆ ಕಾಲುಗಳನ್ನ ಉದ್ದ ಮಾಡಿ, ಅದರಲ್ಲೂ ಮೇಲಿನ ದಪ್ಪ ಕಾಲು ಮೊದಲು, ತುದಿಯ ಸಣಕಲು ಕಾಲು ಕೊನೆಗೆ. ನಡುಗಂಬ ಕೆಳಗೇ ಇರಲಿ, ಅದರ ತುದಿಯ ಕೊಕ್ಕೆಗೆ ಒಂದು ಭಾರ ನೇತುಹಾಕಿ. ನಾನು ಗೊಬ್ಬರದ ಚೀಲಕ್ಕೆ ನಾಲ್ಕೈದು ಕೆ.ಜಿ. ಮರಳು ತುಂಬಿ ಕಟ್ಟಿದ್ದೀನಿ. ಚೀಲದ ತಳ ನೆಲಕ್ಕೆ ತಾಗಿಯೂ ತಾಗದಂಗೆ ಇರಬೇಕು. ಪೂರ್ತಿ ನೇತಾಡಿದ್ರೆ ಗಾಳಿಗೆ ಉಯ್ಯಾಲೆ ಆಗಿ ಅದೇ ಅಲುಗಾಡಿಸುತ್ತೆ.

ಕ್ಯಾಮೆರಾದ ಕುತ್ತಿಗೆ ಪಟ್ಟಿ ಗಾಳಿಗೆ ಪಟಪಟ ಅಂತಿದ್ರೂ ಫೋಟೋ ಕೆಡುತ್ತೆ. ಬಿಚ್ಚಿಡಿ, ಇಲ್ಲಾ ಸ್ಟ್ಯಾಂಡಿಗೆ ಸುತ್ತಿ.

ಬೆರಳಲ್ಲಿ ಗುಂಡಿ ಒತ್ತಿದ್ದಕ್ಕೂ ಟೈಮರ್ ಹಾಕಿದ್ದಕ್ಕೂ ತುಂಬಾ ವ್ಯತ್ಯಾಸ. ನಮ್ಮ ಕೈ ರಾಗಿ ಕುಯ್ದ ಕೈ, ಎಷ್ಟು ಮೆಲ್ಲಗೆ ಒತ್ತಿದ್ರೂ ತಳ್ಳಿದಂಗೇ. 2 ಸೆಕೆಂಡ್ ಟೈಮರ್ ಸಿಮೆಂಟ್ ನೆಲಕ್ಕೆ ಸಾಕು, ಹೊಲದ ಮಣ್ಣಿಗೆ 10 ಸೆಕೆಂಡ್ ಇಡಿ, ಒತ್ತಿದ ನಡುಕ ಪೂರ್ತಿ ಇಳಿಯಲಿ. ವಯರ್ ರಿಮೋಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಲೆನ್ಸಿನ ಪಕ್ಕದಲ್ಲಿ ಸ್ಟೆಬಿಲೈಸರ್ ಅಂತ ಒಂದು ಸ್ವಿಚ್ ಇದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಅದು ನಮ್ಮ ಕೈ ನಡುಕವನ್ನ ಸರಿದೂಗಿಸುತ್ತೆ. ಸ್ಟ್ಯಾಂಡ್ ಮೇಲೆ ನಡುಕವೇ ಇರಲ್ಲ, ಆದರೂ ಅದು ನಡುಕ ಹುಡುಕ್ತಾ ಒಳಗಿನ ಗಾಜನ್ನ ಆಡಿಸ್ತಾ ಇರುತ್ತೆ. ಸ್ಟ್ಯಾಂಡ್ ಮೇಲೆ ಇಟ್ಟ ತಕ್ಷಣ ಆ ಸ್ವಿಚ್ ಆಫ್.

ಕೊನೇದು ನಮ್ಮಂಥವರಿಗೆ ಮಾತ್ರ ಬರೋ ತಾಪತ್ರಯ. ಮೋಟರ್ ಮನೆ ನಮ್ಮ ಬದುವಿಂದ 15 ಅಡಿ. ಮೋಟರ್ ಓಡ್ತಿದ್ದಾಗ ತೆಗೆದ ಫೋಟೋ, ನಿಲ್ಲಿಸಿ ತೆಗೆದ ಫೋಟೋ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ರೆ ಓಡ್ತಿದ್ದಾಗಿನದ್ರಲ್ಲಿ ದೀಪದ ಅಂಚು ಮಸುಕು. ನೆಲದಲ್ಲೇ ನಡುಕ ಹರಿಯುತ್ತೆ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಡೋ ದಿನಗಳಲ್ಲಿ ಹೆಂಗೂ ಎದ್ದಿರ್ತೀವಿ, ಫೋಟೋಗೆ ಅದೇ ಅನುಕೂಲ. ಆದರೆ ಮೋಟರ್‌ನಿಂದ ದೂರ ಹೋಗಿ, ಇಲ್ಲಾ ಒಂದು ಮಡಿ ತುಂಬಿ ಮೋಟರ್ ಆರಿಸಿದಾಗ ತೆಗೀರಿ.

ಅಲುಗಾಟ ನಿಂತ ಮೇಲೆ ಉಳಿಯೋದು ಫೋಕಸ್. ಕತ್ತಲಲ್ಲಿ ಕ್ಯಾಮೆರಾಗೆ ತಾನೇ ಫೋಕಸ್ ಹುಡುಕೋಕೆ ಆಗಲ್ಲ, ಹಿಂದೆ ಮುಂದೆ ಗಿರಗಿರ ಅಂತ ತಿರುಗಿ ಸುಮ್ಮನಾಗುತ್ತೆ. ಹಿಂದಿನ ಪರದೆಯಲ್ಲಿ ಲೈವ್ ವ್ಯೂ ಹಾಕಿ, ದೂರದ ಒಂದು ದೀಪವನ್ನ 10 ಪಟ್ಟು ದೊಡ್ಡದು ಮಾಡಿ, ಲೆನ್ಸನ್ನ ಎಂಎಫ್‌ಗೆ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ದೀಪ ಹಿಗ್ಗುತ್ತೆ, ಕುಗ್ಗುತ್ತೆ. ಅತಿ ಸಣ್ಣ ಚುಕ್ಕಿ ಆಗೋ ಜಾಗವೇ ಸರಿಯಾದ ಜಾಗ. ಆಮೇಲೆ ಆ ಬಳೆ ಮುಟ್ಟಬೇಡಿ. ಲೈವ್ ವ್ಯೂನಲ್ಲಿ ಇನ್ನೊಂದು ಲಾಭ, ಕ್ಯಾಮೆರಾ ಒಳಗಿನ ಕನ್ನಡಿ ಮೊದಲೇ ಮೇಲೆ ಎದ್ದಿರುತ್ತೆ, ಅದು ಟಪ್ ಅಂತ ಏಳೋ ಪೆಟ್ಟು ಇರಲ್ಲ. 20 ಸೆಕೆಂಡಿನ ಫೋಟೋಗೆ ಆ ಪೆಟ್ಟು ಅಷ್ಟಾಗಿ ತಟ್ಟಲ್ಲ, ಅರ್ಧ ಸೆಕೆಂಡ್, ಒಂದು ಸೆಕೆಂಡಿನ ಫೋಟೋಗೆ ತಟ್ಟುತ್ತೆ.

ತೂಬಿನ ಬಾಯಿ ಎಫ್ 8ರ ಆಸುಪಾಸು ಇಡಿ. ಪೂರ್ತಿ ತೆರೆದ್ರೆ ಮೂಲೆಗಳು ಮಸುಕು, ಎಫ್ 22ಕ್ಕೆ ಮುಚ್ಚಿದ್ರೆ ಸಣ್ಣ ಕಂಡಿಯಲ್ಲಿ ನುಗ್ಗೋ ಬೆಳಕು ಅಂಚಲ್ಲಿ ಹರಡಿಕೊಂಡು ಇಡೀ ಫೋಟೋ ಮೆತ್ತಗಾಗುತ್ತೆ.

ಈಗ ಅರಮನೆಗೆ ಬರೋಣ. ಹಳೇ ಮರದ ಅರಮನೆ 1897ರಲ್ಲಿ ಬೆಂಕಿಗೆ ಹೋಯ್ತು. ಈಗಿರೋದು ಹೆನ್ರಿ ಇರ್ವಿನ್ ನಕ್ಷೆ, ಕೆಲಸ ಮುಗಿದದ್ದು 1912ರಲ್ಲಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತೆಗೆದು ಮೊದಲು ಕಳಿಸಿದ್ದು ಕೋಲಾರದ ಚಿನ್ನದ ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ನಮ್ಮ ಗದ್ದೆಗೆ ಬರೋ ನೀರು, ಅರಮನೆಗೆ ಹತ್ತಿದ ಮೊದಲ ದೀಪ, ಎರಡಕ್ಕೂ ತಾಯಿ ಒಬ್ಬಳೇ. ಈಗ ಅರಮನೆ ಮೈಮೇಲೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು.

ಆ ಬಲ್ಬುಗಳೇ ಫೋಟೋಗೆ ಸವಾಲು. ಸುತ್ತ ಕತ್ತಲು, ನಡುವೆ ಅಷ್ಟೊಂದು ಬೆಳಕು. ಕ್ಯಾಮೆರಾ ಕತ್ತಲನ್ನ ನೋಡಿ "ಇನ್ನೂ ಬೆಳಕು ಬೇಕು" ಅಂದ್ಕೊಂಡು ಜಾಸ್ತಿ ಹೊತ್ತು ತೆರೆದಿರುತ್ತೆ, ಬಲ್ಬೆಲ್ಲಾ ಕೂಡಿಕೊಂಡು ಬಿಳೀ ಗೋಡೆ ಆಗುತ್ತೆ. ಆದ್ದರಿಂದ ಎಂ ಅಂತ ಇರೋ ಕಡೆ ತಿರುಗಿಸಿ ಲೆಕ್ಕ ನೀವೇ ಇಡಿ. ನನ್ನ ಫೋಟೋ ಎಫ್ 8, ಐಎಸ್ಒ 100, 2 ಸೆಕೆಂಡ್. ಅದರ ಹಿಂದೆ ಮುಂದೆ 1 ಸೆಕೆಂಡ್, 4 ಸೆಕೆಂಡ್ ಕೂಡ ತೆಗೆದಿಟ್ಟೆ, ಮೂರರಲ್ಲಿ ಒಂದು ಸರಿ ಇದ್ದೇ ಇರುತ್ತೆ. ಪರದೆಯಲ್ಲಿ ನೋಡುವಾಗ ಬಲ್ಬುಗಳ ನಡುವಿನ ಗೋಡೆ ಕಾಣ್ತಿದ್ಯಾ ಅಂತ ನೋಡಿ. ಕಂಡ್ರೆ ಸರಿ ಇದೆ.

ಹೊತ್ತಿನ ಬಗ್ಗೆ ಒಂದು ಗುಟ್ಟು. ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಅಂದ್ರೆ ನಾವು ಎದುರು ನಿಂತಾಗ ಸೂರ್ಯ ಮುಳುಗಿದ ದಿಕ್ಕು ಸರಿಯಾಗಿ ಅರಮನೆ ಬೆನ್ನಿಗೆ. ಆಕಾಶ ಪೂರ್ತಿ ಕಪ್ಪಾಗೋ ಮುಂಚೆ ಒಂದು ಇಪ್ಪತ್ತು ನಿಮಿಷ ಕಡು ನೀಲಿ ಇರುತ್ತಲ್ಲ, ಆಗ ದೀಪ ಹತ್ತಿದ್ರೆ ಗೋಪುರದ ಆಕಾರ ಬಿಡಿಬಿಡಿಯಾಗಿ ಬರುತ್ತೆ. ದಸರಾ ಹೊತ್ತಿಗೆ ಸೂರ್ಯ 6 ಗಂಟೆ ದಾಟಿ ಸ್ವಲ್ಪಕ್ಕೇ ಮುಳುಗ್ತಾನೆ, 7 ಗಂಟೆಗೆ ಕತ್ತಲು. ಆದರೆ ಜೂನ್ ಕೊನೆ, ಜುಲೈ ಮೊದಲಲ್ಲಿ ಮೈಸೂರಲ್ಲಿ ಸೂರ್ಯ ಮುಳುಗೋದು ಸುಮಾರು 6.50ಕ್ಕೆ. ಭಾನುವಾರ ಸಂಜೆ 7ರ ಹೊತ್ತಿಗೆ ದೀಪ ಹಾಕಿದಾಗ ಆ ನೀಲಿ ಇನ್ನೂ ಇರುತ್ತೆ, ದಸರಾ ನೂಕುನುಗ್ಗಲೂ ಇರಲ್ಲ. ದಸರಾ ದೀಪ ದೊಡ್ಡದು, ಒಳ್ಳೇ ಫೋಟೋಗೆ ಮುಂಗಾರಿನ ಭಾನುವಾರವೇ ವಾಸಿ.

ಹೋದ ಆಯುಧಪೂಜೆಗೆ ನಾನು ಬೂದುಗುಂಬಳ, ಸೇವಂತಿಗೆ ಗೂಡ್ಸ್ ಆಟೋಗೆ ಹಾಕ್ಕೊಂಡು ಹೋಗಿ, ಮಾರಿ ಕೈ ಖಾಲಿ ಮಾಡ್ಕೊಂಡು ಆಮೇಲೆ ಕ್ಯಾಮೆರಾ ತೆಗೆದದ್ದು. ಜನ ಜಾಸ್ತಿ ಇರೋ ಕಡೆ ಸ್ಟ್ಯಾಂಡ್ ನಿಲ್ಲಿಸೋ ಮುಂಚೆ ಅಲ್ಲಿರೋ ಪೊಲೀಸರನ್ನೋ ಸಿಬ್ಬಂದಿಯನ್ನೋ ಕೇಳಿ. ಬೇಡ ಅಂದ್ರೆ ಬೇಡ. ಜನ ಓಡಾಡೋ ದಾರಿಯಲ್ಲಿ ಮೂರು ಕಾಲು ಹರಡಿದ್ರೆ ಮಕ್ಕಳು ಎಡವ್ತಾರೆ, ನಿಮ್ಮ ಫೋಟೋನೂ ಹೋಯ್ತು. ಚಾಮುಂಡಿ ಬೆಟ್ಟದ ಮೇಲಿಂದ ಊರಿನ ದೀಪ ತೆಗೆಯೋರು ಕಂಬಿಗೆ ಸ್ಟ್ಯಾಂಡ್ ತಾಗಿಸಬೇಡಿ, ಪಕ್ಕದಲ್ಲಿ ಯಾರೋ ಕಂಬಿಗೆ ಒರಗಿದ್ರೆ ಸಾಕು, ಇಡೀ ಊರೇ ಅಲುಗಾಡಿದಂಗೆ ಬರುತ್ತೆ. ಅಲ್ಲಿ ಗಾಳಿ ಜೋರು, ಸ್ಟ್ಯಾಂಡ್ ಆದಷ್ಟು ಗಿಡ್ಡ ಇರಲಿ. ರಾತ್ರಿ ಎಷ್ಟು ಹೊತ್ತಿನವರೆಗೆ ಬಿಡ್ತಾರೆ ಅಂತ ಕೇಳ್ಕೊಂಡು ಹೋಗಿ.

ಇನ್ನು ಶಿವರಾತ್ರಿ ಫೋಟೋ. ನೀವು ಜಾಸ್ತಿ ಕೇಳಿದ್ದು ಅದನ್ನೇ.

ನಮ್ಮ ಜಮೀನು ಬೆಟ್ಟದಿಂದ ಪೂರ್ವಕ್ಕೆ, 2 ಎಕರೆ 10 ಗುಂಟೆ. ಮೈಸೂರಿನವರಿಗೆ ಬೆಟ್ಟದ ಮುಖ ಕಂಡ್ರೆ ನಮಗೆ ಕಾಣೋದು ಅದರ ಬೆನ್ನು. ರಾತ್ರಿ ಹೊತ್ತು ಮೈಸೂರಿನ ಬೆಳಕು ಬೆಟ್ಟದ ಹಿಂದಿಂದ ಆಕಾಶಕ್ಕೆ ಹರಡುತ್ತೆ, ಬೆಟ್ಟ ಮಲಗಿದ ಎತ್ತಿನ ಬೆನ್ನಿನಂಗೆ ಕಪ್ಪಗೆ ಕಾಣುತ್ತೆ, ನೆತ್ತಿಯ ಮೇಲೆ ಗುಡಿ ಕಡೆಯ ದೀಪ. ನಮಗೂ ಬೆಟ್ಟಕ್ಕೂ ನಡುವೆ ಪಕ್ಕದ ಜಮೀನಿನ ಅಣ್ಣಯ್ಯನ ಬದು, ಬದುವಿನ ಮೇಲೆ ಏಳು ತೆಂಗಿನಮರ. ಅದರಲ್ಲಿ ಒಂದಕ್ಕೆ ಸಿಡಿಲು ಬಡಿದು ತಲೆ ಹೋಗಿ ಬರೀ ಮೋಟು ನಿಂತಿತ್ತು.

ನಮ್ಮವ್ವನಿಗೆ ಈಗ 83. ಕಾಲು ಗಟ್ಟಿ ಇರೋವರೆಗೂ ಆಷಾಢದ ಶುಕ್ರವಾರ ಅಂದ್ರೆ ಮೆಟ್ಟಿಲು ಹತ್ತೇ ಬೆಟ್ಟಕ್ಕೆ ಹೋಗೋದು, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡ್ತಾ. ಈಗ ಜಗಲಿಯಿಂದ ಬದುವಿನವರೆಗೆ ನಡೆದ್ರೆ ಅದೇ ದೊಡ್ಡದು. ಪೊರೆ ಆಪರೇಷನ್ ಆದ್ಮೇಲೆ ದೂರದ್ದು ಚೆನ್ನಾಗಿ ಕಾಣುತ್ತೆ ಅಂತ ಸಂಜೆ ಹೊತ್ತು ಜಗಲಿ ಮೇಲೆ ಕೂತು, ಆ ಏಳು ಮರದ ಸಂದಿಯಲ್ಲಿ ಬೆಟ್ಟದ ದೀಪ ನೋಡಿ ಕೈಮುಗಿದು ಒಳಗೆ ಹೋಗೋದು ಅವಳ ದಿನಚರಿ.

ಅಣ್ಣಯ್ಯ ಜಮೀನು ಕೊಟ್ಟುಬಿಟ್ರು. ಅವರನ್ನ ದೂರೋಕೆ ನನಗೆ ಬಾಯಿಲ್ಲ. ಮೂರು ಭಾಗ ಆಗಬೇಕಿತ್ತು, ಸಾಲ ಇತ್ತು, ಮಾಡೋ ಮಕ್ಕಳು ಊರಲ್ಲಿಲ್ಲ. ರಿಂಗ್ ರಸ್ತೆ ಆದ ಮೇಲೆ ನಮ್ಮ ಸುತ್ತಮುತ್ತ ಇದೇ ಕತೆ, ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಸಂಜೆ ಅವರೇ ಬಂದು ಹೇಳಿದ್ರು: "ತಮ್ಮಾ, ಅಮಾವಾಸ್ಯೆ ಕಳೆದ ಮಾರನೇ ದಿನ ಜೆಸಿಬಿ ತರ್ತಾರಂತೆ. ನಿನ್ನ ಕಡೆ ಬದುಗೆ ಏನೂ ಆಗದಂಗೆ ನೋಡ್ಕೊ." ಅವ್ವ ಒಳಗಿಂದ ಕೇಳಿಸ್ಕೊಂಡಿದ್ದಾಳೆ. ಅವರು ಹೋದ ಮೇಲೆ ಒಂದೇ ಮಾತು ಕೇಳಿದ್ಲು. "ಮರಾನೂ ಕಿತ್ತಾಕ್ತರಾ?"

ಲೆಕ್ಕ ಹಾಕಿದ್ರೆ ಐದು ರಾತ್ರಿ ಇತ್ತು. ಕೊನೇದು ಶಿವರಾತ್ರಿ.

ಬೆಟ್ಟದ ದೀಪ ಒಂದೇ ಆಗಿದ್ರೆ ಸುಲಭ, ದೀಪ ಅಲ್ಲಾಡಲ್ಲ. ಆದರೆ ಮರದ ಗರಿ ಅಲ್ಲಾಡುತ್ತೆ. 20 ಸೆಕೆಂಡ್ ತೆರೆದಿಟ್ರೆ ಸ್ಟ್ಯಾಂಡ್ ಕಲ್ಲಿನಂಗೆ ನಿಂತಿದ್ರೂ ಗರಿ ಪೊರಕೆ ಆಡಿಸಿದಂಗೆ ಬರುತ್ತೆ, ಏಳು ಮರ ಸೇರಿ ಒಂದು ಕಪ್ಪು ಮೋಡ ಆಗುತ್ತೆ. ಅವ್ವನಿಗೆ ಬೇಕಿದ್ದದ್ದು ಮರ, ಮೋಡ ಅಲ್ಲ. ಅಂದ್ರೆ ಗಾಳಿ ಪೂರ್ತಿ ಬಿದ್ದ 20 ಸೆಕೆಂಡ್ ಬೇಕು.

ಮೊದಲನೇ ರಾತ್ರಿ ಗಾಳಿ. ಹತ್ತು ಗಂಟೆವರೆಗೆ ಕಾದೆ, ಗರಿಗಳ ಸದ್ದು ನಿಲ್ಲಲೇ ಇಲ್ಲ. ಎರಡನೇ ರಾತ್ರಿ ಮೋಡ ಕೆಳಗಿಳಿದು ಬೆಟ್ಟದ ನೆತ್ತಿಯೇ ಕಾಣಲಿಲ್ಲ. ಮೂರನೇ ರಾತ್ರಿ ಬೆಳಗಿನ ಜಾವ ಎದ್ದು ಹೋದೆ, ಗಾಳಿ ಇರಲಿಲ್ಲ, ಆದರೆ ಇಬ್ಬನಿ. ಲೆನ್ಸಿನ ಮೇಲೆ ಸಣ್ಣಗೆ ಕೂತ್ಕೊಂಡು ಪ್ರತಿ ದೀಪಕ್ಕೂ ಬೆಳಕಿನ ಉಂಗುರ. ಇದಕ್ಕೆ ಉಪಾಯ ಇದೆ: ಲೆನ್ಸಿಗೆ ಹುಡ್ ಹಾಕಿ, ಒಂದು ಒಣಗಿದ ಹತ್ತಿ ಬಟ್ಟೆ ಜೇಬಲ್ಲಿ ಇಟ್ಕೊಳ್ಳಿ, ಪ್ರತಿ ಫೋಟೋ ಮುಂಚೆ ಟಾರ್ಚ್ ಬಿಟ್ಟು ಗಾಜು ನೋಡಿ. ಬಾಯಿಂದ ಊದಬೇಡಿ, ಉಸಿರಿನ ಹಬೆ ಇನ್ನೂ ಕೂರುತ್ತೆ. ನಾಲ್ಕನೇ ರಾತ್ರಿ ತ್ರೀ ಫೇಸ್ ಬಂತು, ಟೊಮೆಟೊಗೆ ನೀರು ಬಿಡಲೇಬೇಕಿತ್ತು. ಬೆಳೆ ಬಿಟ್ಟು ಫೋಟೋಗೆ ನಿಲ್ಲೋಕೆ ಆಗುತ್ತಾ? ಮೋಟರ್ ಓಡ್ತಾನೇ ಬೆಳಗಾಯ್ತು.

ಐದನೇದು ಶಿವರಾತ್ರಿ ಜಾಗರಣೆ. ಊರಿನ ಗುಡಿಯಲ್ಲಿ ಭಜನೆ ನಡೀತಿತ್ತು. ಅವ್ವನೂ ಮಲಗಲಿಲ್ಲ, ಕಂಬಳಿ ಹೊದ್ದು ಜಗಲಿ ಮೇಲೇ ಕೂತಿದ್ದಳು. ನಾನು ಕಲ್ಲುಚೂರು ಇಟ್ಟು, ಚೀಲ ಕಟ್ಟಿ, ಬೆಟ್ಟದ ನೆತ್ತಿಯ ಒಂದು ದೀಪಕ್ಕೆ ಫೋಕಸ್ ಮಾಡಿ ಸಿದ್ಧ ಇಟ್ಕೊಂಡೆ. ಮರ ಇರೋದು 200 ಮೀಟರಲ್ಲಿ, ಬೆಟ್ಟ ಕಿಲೋಮೀಟರುಗಟ್ಟಲೆ ದೂರದಲ್ಲಿ, ಎರಡೂ ಹೆಂಗೆ ತಿಳಿಯಾಗಿ ಬರುತ್ತೆ ಅಂತ ಕೇಳ್ತೀರಿ. 55ರಲ್ಲಿ ಎಫ್ 8 ಇಟ್ರೆ, ದೂರಕ್ಕೆ ಫೋಕಸ್ ಮಾಡಿದ್ರೂ ಸುಮಾರು 20 ಮೀಟರಿಂದ ಆಚೆ ಇರೋದೆಲ್ಲಾ ತಿಳಿಯಾಗೇ ಬರುತ್ತೆ. ತೊಂದರೆ ಇರೋದು ಕಾಲಬುಡದ ಗಿಡಕ್ಕೆ ಮಾತ್ರ.

ನಾಲ್ಕು ಗಂಟೆ ದಾಟಿದ ಮೇಲೆ ಗಾಳಿ ಬಿತ್ತು. ಹೆಂಗೆ ಗೊತ್ತಾಗುತ್ತೆ ಅಂದ್ರೆ, ಗರಿ ನೋಡಬೇಡಿ, ಕತ್ತಲಲ್ಲಿ ಕಣ್ಣು ಮೋಸ ಮಾಡುತ್ತೆ. ಕಿವಿ ಕೊಡಿ. ತೆಂಗಿನ ಗರಿ ಸದ್ದು ನಿಂತ್ರೆ ಗಾಳಿ ನಿಂತಂಗೆ. ಐಎಸ್ಒ 200, ಎಫ್ 8, 20 ಸೆಕೆಂಡ್, 10 ಸೆಕೆಂಡಿನ ಟೈಮರ್. ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ಉಸಿರು ಬಿಗಿಹಿಡಿದು ನಿಂತೆ. ಉಸಿರಿಗೂ ಸ್ಟ್ಯಾಂಡಿಗೂ ಸಂಬಂಧ ಇಲ್ಲ, ಆದರೂ ನಿಂತೆ. ಫೋಟೋ ಆದ ಮೇಲೆ ಕ್ಯಾಮೆರಾ ಇನ್ನೊಂದು 20 ಸೆಕೆಂಡ್ ಕೆಂಪು ದೀಪ ಹಾಕ್ಕೊಂಡು ಸುಮ್ಮನಿರುತ್ತೆ. ಕೆಟ್ಟುಹೋಯ್ತು ಅಂತ ಗಾಬರಿ ಬೇಡ, ಕಾಳು ಕಾಳು ತೆಗೆಯೋ ಆಯ್ಕೆ ಹಾಕಿದ್ರೆ ಅಷ್ಟೇ ಹೊತ್ತು ಕಣ್ಣು ಮುಚ್ಚಿ ಇನ್ನೊಂದು ಕಪ್ಪು ಫೋಟೋ ತೆಗೆದು ಹೋಲಿಸಿ ಸರಿಮಾಡುತ್ತೆ. ಇದಕ್ಕೆ ಬ್ಯಾಟರಿ ಜಾಸ್ತಿ ಬೇಕು, ಒಂದು ಹೆಚ್ಚುವರಿ ಇಟ್ಕೊಳ್ಳಿ.

ಒಟ್ಟು ಹನ್ನೊಂದು ಫೋಟೋ ತೆಗೆದೆ. ಏಳನೇದರಲ್ಲಿ ಎಲ್ಲಾ ಕೂಡಿಬಂದಿತ್ತು. ಮೇಲೆ ಆಕಾಶದಲ್ಲಿ ನಕ್ಷತ್ರಗಳು ಚುಕ್ಕಿ ಆಗದೆ ಸಣ್ಣ ಗೆರೆ ಆಗಿದ್ವು, ಎಲ್ಲವೂ ಒಂದೇ ಕಡೆಗೆ ವಾಲಿ. ಅದು ಸ್ಟ್ಯಾಂಡ್ ಅಲುಗಾಡಿದ್ದಲ್ಲ, ಭೂಮಿ ತಿರುಗಿದ್ದು. 55ರಲ್ಲಿ ಆರು ಸೆಕೆಂಡ್ ದಾಟಿದ್ರೆ ನಕ್ಷತ್ರ ಗೆರೆ ಆಗೋಕೆ ಶುರು, 18ರಲ್ಲಾದ್ರೆ 17 ಸೆಕೆಂಡಿನವರೆಗೆ ಚುಕ್ಕಿಯಾಗೇ ಇರುತ್ತೆ. ದೀಪ ಚುಕ್ಕಿ, ನಕ್ಷತ್ರ ಗೆರೆ ಇದ್ರೆ ನಿಮ್ಮ ಕೆಲಸ ಸರಿ ಇದೆ ಅಂತ ಅರ್ಥ. ಎರಡೂ ಗೆರೆ ಆಗಿದ್ರೆ ಸ್ಟ್ಯಾಂಡ್ ನೋಡ್ಕೊಳ್ಳಿ.

ಹೇಳಿದ ದಿನಕ್ಕೆ ಜೆಸಿಬಿ ಬಂತು. ಒಂದು ಬೆಳಗಿನ ಕೆಲಸ.

ಮುಂದಿನ ವಾರ ಮೈಸೂರಿನ ಒಂದು ಸ್ಟುಡಿಯೋದಲ್ಲಿ 12ಕ್ಕೆ 18 ಇಂಚಿನ ಪ್ರಿಂಟ್ ಹಾಕಿಸಿದೆ. ಮೊಬೈಲ್ ಪರದೆಯಲ್ಲಿ ಎಲ್ಲಾ ಫೋಟೋನೂ ಚೆನ್ನಾಗೇ ಕಾಣುತ್ತೆ, ಆ ಅಳತೆಗೆ ಹಿಗ್ಗಿಸಿದಾಗ ಅಸಲಿ ಬಣ್ಣ ಹೊರಬರೋದು. ಅವ್ವ ತೊಡೆ ಮೇಲೆ ಇಟ್ಕೊಂಡು ಬೆರಳಿಟ್ಟು ಎಣಿಸೋಕೆ ಶುರು ಮಾಡಿದ್ಲು. ಒಂದು, ಎರಡು ಅಂತ ಅಲ್ಲ. "ಇದು ಅವರ ದೊಡ್ಡ ಮಗಳು ಹುಟ್ಟಿದಾಗ ನೆಟ್ಟದ್ದು, ಇದು ನಮ್ಮನೆಯಿಂದ ಕೊಟ್ಟ ಸಸಿ, ಇದು ಬರದ ವರ್ಷ ಬಿಂದಿಗೇಲಿ ನೀರು ಹುಯ್ದು ಉಳಿಸಿದ್ದು…" ಹೀಗೆ. ಆರನೇದರ ಹತ್ತಿರ ಬಂದು ನಿಂತು, ಬಗ್ಗಿ ನೋಡಿ, "ಮೋಟುಮರಾನೂ ಬಂದದೆ ಕಣಪ್ಪ" ಅಂದ್ಲು. ಆ ಮೋಟು ಬೆಟ್ಟದ ಕಪ್ಪಿನ ಮುಂದೆ ಒಂದು ಸಣ್ಣ ಕಡ್ಡಿ ಅಷ್ಟೇ. ಕ್ಯಾಮೆರಾ ಸ್ವಲ್ಪ ಅಲುಗಾಡಿದ್ರೂ ಅದು ಬೆಟ್ಟದೊಳಗೆ ಕರಗಿಹೋಗಿರೋದು.

ಅಣ್ಣಯ್ಯನೂ ಒಂದು ದಿನ ಬಂದು ನೋಡಿದ್ರು. ತುಂಬಾ ಹೊತ್ತು ಮಾತಾಡಲಿಲ್ಲ. ಕಾಫಿ ಕುಡಿದು ಹೊರಡುವಾಗ "ನಂಗೂ ಇಂಥದ್ದೊಂದು ಹಾಕಿಸ್ಕೊಡ್ತೀಯೇನಪ್ಪ, ದುಡ್ಡು ಕೊಡ್ತೀನಿ" ಅಂದ್ರು. ದುಡ್ಡು ತಗೊಳ್ಳಲಿಲ್ಲ.

ಈಗ ಆ ಜಾಗದಲ್ಲಿ ಎಲ್ಇಡಿ ಬೀದಿದೀಪ ಬಂದಿವೆ. ಅದೇ ಬದುವಿಂದ 20 ಸೆಕೆಂಡ್ ತೆರೆದಿಟ್ರೆ ಬೆಟ್ಟಕ್ಕಿಂತ ಮೊದಲು ಆ ಕಂಬಗಳೇ ಲೆನ್ಸಿಗೆ ಹೊಡೀತವೆ. ಟೋಪಿಯನ್ನೋ ರಟ್ಟನ್ನೋ ಅಡ್ಡ ಹಿಡಿದು, ಬೀದಿದೀಪದ ಬೆಳಕು ಗಾಜಿನ ಮೇಲೆ ನೇರ ಬೀಳದಂಗೆ ನೋಡಿಕೊಂಡ್ರೆ ಈಗಲೂ ನೆತ್ತಿಯ ದೀಪ ಸಿಗುತ್ತೆ. ಮನೆಗಳು ಎದ್ದ ಮೇಲೆ ಅದೂ ಇರಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೇಳ್ಕೊಳ್ಳೋದು. ನಮ್ಮ ಹತ್ತಿರ ಪಹಣಿ ಇದೆ, ನಕ್ಷೆ ಇದೆ, ಗಡಿಕಲ್ಲಿನ ಲೆಕ್ಕ ಇದೆ. ಬದುವಿನ ಮೇಲೆ ನಿಂತ್ರೆ ಏನೇನು ಕಾಣ್ತಿತ್ತು ಅನ್ನೋದಕ್ಕೆ ಯಾವ ದಾಖಲೆಯೂ ಇಲ್ಲ. ನಿಮ್ಮ ಜಮೀನಲ್ಲಿ ಒಂದು ಜಾಗ ಆರಿಸಿ, ಮೂರು ಕಾಲಿಗೆ ಮೂರು ಕಲ್ಲು ಹೂತುಬಿಡಿ. ವರ್ಷಕ್ಕೊಂದು ರಾತ್ರಿ, ಅದೇ ಕಲ್ಲಿನ ಮೇಲೆ ಸ್ಟ್ಯಾಂಡ್ ಇಟ್ಟು, ಅದೇ ದಿಕ್ಕಿಗೆ ಒಂದು ಫೋಟೋ ತೆಗೆದು ಹಿಂದೆ ತಾರೀಖು ಬರೆದಿಡಿ. ಎಣಿಸೋ ಹಂಗೆ ತಿಳಿಯಾಗಿ ತೆಗೀರಿ. ಮುಂದೆ ಎಣಿಸೋರು ಯಾರೋ, ಏನನ್ನೋ, ನಮಗೆ ಗೊತ್ತಿಲ್ಲ.

ರಾತ್ರಿ ಹೊಲಕ್ಕೆ ಹೋಗುವಾಗ ಉದ್ದ ಬೂಟು ಹಾಕ್ಕೊಳ್ಳಿ, ಕೈಯಲ್ಲಿ ಟಾರ್ಚ್ ಇರಲಿ, ಒಬ್ಬರೇ ಹೋಗಬೇಡಿ. 2022-23ರಲ್ಲಿ ಟಿ. ನರಸೀಪುರ ತಾಲೂಕಲ್ಲಿ ಚಿರತೆ ದಾಳಿಗೆ ಜನ ಹೋದದ್ದು ನಾವ್ಯಾರೂ ಮರೆತಿಲ್ಲ. ಕಬ್ಬಿನ ಗದ್ದೆ ಪಕ್ಕ ಇರೋರು ಇನ್ನೂ ಹುಷಾರು. ಫೋಟೋ ಇನ್ನೊಂದು ದಿನ ಸಿಗುತ್ತೆ.

ಟ್ರೈಪಾಡ್ ಇಲ್ಲದವರು ಬಂದು ನನ್ನದೇ ತಗೊಂಡು ಹೋಗಿ, ಮರಳಿನ ಚೀಲ ಸಮೇತ ಕೊಡ್ತೀನಿ. ಎರಡು ದಿನ ಇಟ್ಕೊಂಡು ವಾಪಸ್ ತಂದುಕೊಡಿ, ಕಾಲಿನ ಮಣ್ಣು ಒರೆಸಿ.